ಹದಿನಾರು ಬಾಗಿಲು, ಒಂದು ಸೈಕಲ್ ಬೆಲ್

ಭಾನುವಾರ ಬೆಳಿಗ್ಗೆ ಐದೂಕಾಲು. ತ್ಯಾಗರಾಜನಗರದ ಒಂದು ಮಹಡಿ ಮನೆಯ ಗೇಟಿನ ಮುಂದೆ ಮಾಯಣ್ಣ ಸೈಕಲ್ ನಿಲ್ಲಿಸಿ ಮೂರು ಸಲ ಬೆಲ್ ಹೊಡೆಯುತ್ತಾರೆ. ಕಾಯುತ್ತಾರೆ. ಮತ್ತೆ ಮೂರು ಸಲ. ಎದುರುಮನೆಯಲ್ಲಿ ರಂಗೋಲಿ ಹಾಕುತ್ತಿದ್ದವರು ತಲೆಯೆತ್ತಿ ನೋಡುತ್ತಾರೆ, ಬೀದಿನಾಯಿಯೂ ಎದ್ದು ಮೈಮುರಿಯುತ್ತದೆ. ಏಳಬೇಕಾದವನು ಮಾತ್ರ ಏಳುವುದಿಲ್ಲ. ಕಡೆಗೂ ಬಾಲ್ಕನಿಯಲ್ಲಿ ಕೆದರಿದ ತಲೆಯೊಂದು ಕಾಣಿಸುತ್ತದೆ. ಅದು ಅನಿರುದ್ಧ, ಕೋಟೆ ಬ್ರದರ್ಸ್ ಫುಟ್‌ಬಾಲ್ ಕ್ಲಬ್ಬಿನ ನಾಯಕ.

"ಡಿವಿಷನ್ ಹೋದ ವಾರಾನೇ ಹೋಯ್ತಲ್ಲ ಅಣ್ಣ, ಇವತ್ತು ಆಡಿ ಏನಾಗ್ಬೇಕು?"

"ಹೆಸರು ಉಳೀಬೇಕಪ್ಪಾ," ಎನ್ನುತ್ತಾರೆ ಮಾಯಣ್ಣ. "ಆರೂವರೆಗೆ ಗ್ರೌಂಡಲ್ಲಿರು."

ತಲೆ ಒಳಗೆ ಹೋಗುತ್ತದೆ. ಬರುತ್ತಾನೋ ಇಲ್ಲವೋ, ಆ ದೇವರೇ ಬಲ್ಲ. ಸೈಕಲ್ ಬಸವನಗುಡಿಯ ಕಡೆ ತಿರುಗುತ್ತದೆ. ಇನ್ನೂ ಹತ್ತು ಬಾಗಿಲು ಬಾಕಿ.

ಮಾಯಣ್ಣನವರಿಗೆ ಈಗ ಅರವತ್ತೊಂದು. ವಾರದಲ್ಲಿ ಆರು ದಿನ ನಗರ್ತಪೇಟೆಯಲ್ಲಿ ಗುಂಡಿ, ಜಿಪ್ಪು ಮಾರುವ ಸಗಟು ಅಂಗಡಿಯಲ್ಲಿ ಸರಕು ಕಟ್ಟುತ್ತಾರೆ. ಉಳಿದ ಹೊತ್ತೆಲ್ಲ ಚಾಮರಾಜಪೇಟೆಯ ಈ ಹಳೇ ಕ್ಲಬ್ಬಿಗೆ. ಮೂವತ್ತನಾಲ್ಕು ವರ್ಷಗಳಿಂದ ಚೆಂಡಿಗೆ ಗಾಳಿ ತುಂಬುವವರು, ಸುಣ್ಣದಲ್ಲಿ ಗೆರೆ ಎಳೆಯುವವರು, ಜೆರ್ಸಿ ಮಡಿಸುವವರು ಅವರೇ. ಒಂದು ಪಂದ್ಯವನ್ನೂ ಆಡಿದವರಲ್ಲ. ಆದರೆ ಪಂದ್ಯದ ದಿನ ಬೆಳಕು ಹರಿಯುವ ಮುಂಚೆ ಪ್ರತಿಯೊಬ್ಬ ಆಟಗಾರನ ಮನೆಗೂ ಹೋಗಿ ಎಬ್ಬಿಸುವುದು ಕ್ಲಬ್ಬು ಹುಟ್ಟಿದಾಗಿನಿಂದ ಬಂದ ಪದ್ಧತಿ, ಆ ಕೆಲಸವೂ ಅವರದೇ.

"ಆಗೆಲ್ಲ ಎಬ್ಬಿಸೋದು ಹೆಸರಿಗಷ್ಟೆ ಸಾರ್," ಎಂದು ನೆನೆಯುತ್ತಾರೆ. "ನಾನು ತಿರುವಲ್ಲಿ ಬೆಲ್ ಮಾಡೋ ಹೊತ್ಗೆ ಬೂಟ್ ಹಿಡ್ಕೊಂಡು ಮೆಟ್ಲ ಮೇಲೆ ಕೂತಿರೋರು. ಜೆರ್ಸಿ ಕೈಗೆ ಕೊಟ್ರೆ ಕಣ್ಣಿಗೊತ್ಕೊಂಡು ಹಾಕ್ಕೊಳೋರು."

ಈಗ ಪಟ್ಟಿಯಲ್ಲಿ ಹದಿನಾರು ಹೆಸರಿವೆ. ಅಭ್ಯಾಸಕ್ಕೆ ಐದು ಜನ ಬಂದರೆ ಅದೇ ಹಬ್ಬ. ಬಂದವರೂ ಮೊದಲು ಫೋಟೊ ತೆಗೆದುಕೊಂಡು ಆಮೇಲೆ ಓಡುತ್ತಾರೆ. ತಲೆಗೂದಲಿಗೆ ಕೊಡುವ ಗಮನದಲ್ಲಿ ಕಾಲುಭಾಗ ಪಾಸಿಗೆ ಕೊಟ್ಟಿದ್ದರೂ ತಂಡ ಈ ಗತಿಗೆ ಬರುತ್ತಿರಲಿಲ್ಲ. ಕೋಚ್ ಅಂತ ಒಬ್ಬರಿದ್ದರು. ಎರಡು ತಿಂಗಳ ಹಿಂದೆ ಶಿಳ್ಳೆಯನ್ನು ಮಾಯಣ್ಣನ ಕೈಗೆ ಕೊಟ್ಟು, "ಸ್ವಲ್ಪ ಇಟ್ಕೊಂಡಿರಿ" ಎಂದು ಹೋದವರು ಇವತ್ತಿಗೂ ಬಂದಿಲ್ಲ.

"ಆಟ ಮುಗೀತಿದ್ದಂಗೆ ಜೆರ್ಸಿ ಬಿಚ್ಚಿ ಕೆಸರಲ್ಲಿ ಬಿಸಾಕ್ತಾರೆ," ಎನ್ನುತ್ತಾರೆ ಅವರ ಹೆಂಡತಿ ಸುಬ್ಬಮ್ಮ. ಒಗೆಯುವ ಕೈ ಅವರದು. "ನನಗೆ ಒಗೆಯೋಕೆ ಬೇಜಾರಿಲ್ಲ. ಇವರು ಅದನ್ನ ಬಗ್ಗಿ ಬಗ್ಗಿ ಆಯ್ಕೊಳ್ಳೋದು ನೋಡಕ್ಕಾಗಲ್ಲ."

ಮಾಯಣ್ಣನವರನ್ನು ಹಗಲಿರುಳೂ ಕೊರೆಯುತ್ತಿರುವುದು ಬೇರೆಯೇ. ಹೋದ ತಿಂಗಳು ಅನಿರುದ್ಧ ಎಲ್ಲರೆದುರು, "ನಾವೇನು ಸ್ಕೂಲ್ ಮಕ್ಕಳಾ ಅಣ್ಣ? ಗ್ರೂಪಲ್ಲಿ ಮೆಸೇಜ್ ಹಾಕ್ತೀನಿ, ಬೀದಿಯೆಲ್ಲ ಬೆಲ್ ಹೊಡೀಬೇಡಿ, ಮಾನ ಹೋಗತ್ತೆ," ಎಂದುಬಿಟ್ಟ. ಉಳಿದವರು ನಕ್ಕರು. ಮಾಯಣ್ಣನಿಗೆ ಅದು ನಾಟಿತು. ಹೋದ ಭಾನುವಾರ, ಸೋತರೆ ಕೆಳಗಿನ ಡಿವಿಷನ್ನಿಗೆ ಇಳಿಯುವ ಪಂದ್ಯದ ದಿನ, ಅವರು ಸೈಕಲ್ ತೆಗೆಯಲೇ ಇಲ್ಲ. ಮೆಸೇಜನ್ನು ಹದಿನಾರು ಜನವೂ ನೋಡಿದ್ದರು. ಮೈದಾನಕ್ಕೆ ಬಂದವರು ಆರು. ಏಳು ಜನರಿಲ್ಲದೆ ಆಟ ಶುರುವಾಗುವಂತಿಲ್ಲ. ರೆಫರಿ ಕಾಲು ಗಂಟೆ ಕಾದು, ಆಡದೆಯೇ ಎದುರಾಳಿಗೆ ಗೆಲುವು ಕೊಟ್ಟು ವಾಕೋವರ್ ಬರೆದರು. ಒಂದೇ ಸೀಸನ್ನಿನಲ್ಲಿ ಎರಡನೆಯ ವಾಕೋವರ್ ಆದರೆ ಲೀಗಿನಿಂದ ಕ್ಲಬ್ಬಿನ ಹೆಸರನ್ನೇ ತೆಗೆದುಹಾಕುತ್ತಾರೆ. ಇವತ್ತಿನದು ಕೊನೆಯ ಪಂದ್ಯ.

"ಅವರು ಹುಡುಗ್ರು ಸಾರ್. ನನಗೇನಾಗಿತ್ತು ರೋಗ? ನಾನ್ಯಾಕೆ ಮುನಿಸ್ಕೊಂಡು ಮನೇಲಿ ಕೂತೆ?" ಎನ್ನುತ್ತಾರೆ.

ಏಳು ಗಂಟೆ. ಮೈದಾನದ ಗೆರೆಗಳು ಬೆಳ್ಳಗೆ ಎದ್ದು ಕಾಣುತ್ತಿವೆ. ಎದುರಾಳಿಗಳು ಬೆವರು ಬರುವಷ್ಟು ಓಡಿಯಾಗಿದೆ. ಕೋಟೆ ಬ್ರದರ್ಸ್ ಕಡೆ ಮತ್ತೆ ಆರೇ ಜನ. ಮಾಯಣ್ಣ ಗೇಟಿನ ಬಳಿ ನಿಂತು ರಸ್ತೆ ನೋಡುತ್ತಾರೆ. ರೆಫರಿ ವಾಚು ನೋಡುತ್ತಾರೆ. ಏಳು ಹನ್ನೆರಡಕ್ಕೆ ಬೈಕೊಂದು ಬಂದು ನಿಲ್ಲುತ್ತದೆ. ಚಪ್ಪಲಿ ಕಾಲಲ್ಲಿ ಅನಿರುದ್ಧ. ಅವನ ಬೂಟು ಒರೆಸಿ, ಲೇಸು ಸಡಿಲಿಸಿ ಇಟ್ಟಿದೆ.

ಆಟದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಹನ್ನೊಂದರ ಮುಂದೆ ಏಳು. ಆರನೆಯ ಗೋಲು ಬಿದ್ದಾಗ ಅನಿರುದ್ಧ, "ಥೂ, ಸಾಕು ಗುರು," ಎಂದು ಹೊರಗೆ ನಡೆಯತೊಡಗುತ್ತಾನೆ. ಅವನು ಗೆರೆ ದಾಟಿದರೆ ಆರು ಜನ, ಎರಡನೆಯ ವಾಕೋವರ್, ಅಲ್ಲಿಗೆ ಎಲ್ಲ ಮುಗಿಯಿತು. ಮಾಯಣ್ಣ ಓಡಿ ಬಂದು ಗೆರೆಯ ಈಚೆ ನಿಲ್ಲುತ್ತಾರೆ.

"ಓಡೋದು ಬೇಡ ಕಣಪ್ಪಾ. ಒಳಗೆ ನಿಂತ್ಕೊ, ಸಾಕು. ಹೋದ ವಾರ ನಾನು ತಪ್ಪು ಮಾಡ್ದೆ. ಇವತ್ತು ನೀನು ಮಾಡ್ಬೇಡ."

ಅನಿರುದ್ಧ ಸೊಂಟದ ಮೇಲೆ ಕೈಯಿಟ್ಟು ಗೆರೆಯ ಒಳಗೇ ನಿಲ್ಲುತ್ತಾನೆ. ಕೊನೆಯ ಶಿಳ್ಳೆಯವರೆಗೂ ಹಾಗೇ ನಿಂತಿರುತ್ತಾನೆ, ಒಮ್ಮೆಯೂ ಚೆಂಡು ಮುಟ್ಟುವುದಿಲ್ಲ.

ಎಂಟು ಗೋಲು. ಹುಡುಗರು ಜೆರ್ಸಿ ಬಿಸಾಕಿ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಮಾಯಣ್ಣ ಏಳನ್ನೂ ಆಯ್ದು, ಮಣ್ಣು ಕೊಡವಿ, ತೋಳು ಒಳಗೆ ಮಡಿಸಿ ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟುತ್ತಾರೆ.

"ಸೋತ್ವಿ ಸಾರ್. ಆದ್ರೆ ಇವತ್ತು ಬಂದು ಸೋತ್ವಿ. ಹೆಸರು ಉಳೀತು," ಎನ್ನುತ್ತಾರೆ. ಗಂಟು ಬಿಗಿದು, ಸೀಟು ಒರೆಸುತ್ತಾರೆ. "ಬರೋ ವರ್ಷ ಗೆಲ್ಲಿ ಅಂತ ಕೇಳಲ್ಲ ನಾನು. ನಾನು ಬೆಲ್ ಹೊಡೆಯೋಕ್ ಮುಂಚೆ ಒಂದೇ ಒಂದು ಮನೆ ಬಾಗ್ಲು ತೆಗ್ದಿದ್ರೆ ಸಾಕು."