ಆಮೆ ಗೂಡಿನ ಚಿಲಕ

ಹೋದ ಶನಿವಾರ ಬಣ್ಣದ ಬ್ರಶ್ ತರಲು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಮೂಲೆಯಲ್ಲಿ ಹೊಸ ತಂತಿ ಜಾಲರಿಯ ಸುರುಳಿಗಳಿದ್ದವು. ಆ ತಂತಿಯ ಜಿಡ್ಡು ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಅಜ್ಜಿ ನೆನಪಾದರು. ಬ್ರಶ್ ಕೊಳ್ಳದೆಯೇ ವಾಪಸ್ ಬಂದೆ.

ಕ್ಯಾಸಲ್‌ನಾಕ್ ಎಂಬ ಈ ಐರಿಶ್ ಬಡಾವಣೆಯಲ್ಲಿ ನಮ್ಮದೂ ಅವರದೂ ಅಂಟಿಕೊಂಡ ಮನೆಗಳು. ಹಿತ್ತಲುಗಳ ನಡುವೆ ಒಂದು ಹಲಗೆ ಬೇಲಿ. ಗಂಡ ಮದುವೆಯ ವರ್ಷ ತಂದುಕೊಟ್ಟ ಆಮೆಯೊಂದೇ ಅವರಿಗೆ ಜೊತೆ. ಅದರ ನಡಿಗೆಯ ಗತ್ತು ನೋಡಿ ಬಿಷಪ್ ಎಂದು ಹೆಸರಿಟ್ಟಿದ್ದರು. ಹತ್ತಿರದ ಪಾರ್ಕಿನಿಂದ ನರಿಗಳು ಬರುತ್ತವೆಂದು ಗೂಡಿಗೆ ಸುತ್ತಲೂ ಜಾಲರಿ, ಮೇಲೆ ಜಾಲರಿಯ ಮುಚ್ಚಳ, ಅದಕ್ಕೊಂದು ಚಿಲಕ. ಲಾಕ್‌ಡೌನಿನ ಮೊದಲ ವಸಂತ. ಸ್ಯಾಂಡಿಫರ್ಡಿನ ನನ್ನ ಆಫೀಸು ಮುಚ್ಚಿ ನಾನೂ ಮನೆಯಲ್ಲೇ ಕೂತಿದ್ದೆ. ಮೂರು ಕಡೆ ಜಾಲರಿಯನ್ನು ಮೊಣಕೈ ಆಳಕ್ಕೆ ನಾನೇ ಹೂತುಕೊಟ್ಟೆ. ನಾಲ್ಕನೆಯ ಕಡೆ ನಮ್ಮ ಬೇಲಿ ಇತ್ತಲ್ಲ, ಅಲ್ಲಿ ಬೇಡವೆಂದು ಬಿಟ್ಟೆವು.

ಎಲ್ಲರನ್ನೂ 'ಲವ್' ಎಂದೇ ಕರೆಯುವ ಅವರು ನನ್ನಲ್ಲಿ ಕೇಳಿಕೊಂಡದ್ದು ಒಂದೇ. "ಹೊರಗೆ ತಿಂಡಿಗಿಂಡಿ ಇಡಬೇಡ, ಲವ್. ನರಿಗೆ ಒಂದ್ಸಲ ರುಚಿ ಹತ್ತಿದ್ರೆ ದಿನಾ ಬರುತ್ತೆ."

"ಗ್ರ್ಯಾಂಡ್" ಅಂದೆ. ಸರಿ, ಆಗಲಿ, ಚೆನ್ನಾಗಿದೆ, ಈ ದೇಶದಲ್ಲಿ ಎಲ್ಲದಕ್ಕೂ ಸಲ್ಲುವ ಮಾತು ಅದು.

ಜೂನಿನಲ್ಲಿ ಮೈಸೂರಿನಲ್ಲಿ ಅಪ್ಪ ಹೋದರು. ವಿಮಾನವಿಲ್ಲ. ಚಿತೆಯನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆ... ಹತ್ತನೆಯ ದಿನ ಪುರೋಹಿತರು ಹೇಳಿದಂತೆ ಅನ್ನ, ಉದ್ದಿನ ವಡೆ ಮಾಡಿ ಬೇಲಿ ಬುಡದ ಕಲ್ಲಿನ ಮೇಲಿಟ್ಟೆ. ಕಾಗೆ ಮುಟ್ಟಲಿಲ್ಲ. ಇಲ್ಲಿನ ಕಾಗೆಗಳಿಗೆ ನಮ್ಮ ಪಿಂಡದ ಸಮಾಚಾರ ಏನು ಗೊತ್ತು?

ಅಮ್ಮ ಫೋನಿನಲ್ಲಿ ಅತ್ತಳು. "ಏನೋ ಆಸೆ ಉಳಿದುಬಿಟ್ಟಿದೆ ಕಣೋ ಅವರಿಗೆ. ಮುಟ್ಟೋವರೆಗೂ ದಿನಾ ಇಡು."

ಮೂರನೆಯ ಬೆಳಿಗ್ಗೆ ಕಲ್ಲು ಬರಿದಾಗಿತ್ತು. "ಮುಟ್ತಮ್ಮ" ಅಂದೆ. ಅವಳು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಮಾಸಿಕದವರೆಗೂ ನಿಲ್ಲಿಸಬೇಡ ಅಂದಳು. ಮರುದಿನ ಕಿಟಕಿಯಿಂದ ನೋಡಿದರೆ ಕಲ್ಲಿನ ಹತ್ತಿರ ಕೆಂಪು ಬಾಲ. ನೋಡಿಯೂ ಇಡುತ್ತ ಹೋದೆ. ನರಿ ತಿಂದರೇನು, ಅಮ್ಮನಿಗೆ ನೆಮ್ಮದಿ ಸಿಕ್ಕಿತಲ್ಲ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಎರಡು ವಾರದ ನಂತರ ಒಂದು ಬೆಳಿಗ್ಗೆ ಅಜ್ಜಿ ಬೇಲಿಯಾಚೆಯಿಂದ ಕೂಗಿದರು. ಮಂಡಿನೋವು, ಬಗ್ಗಲಾರರು, ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಮಾಸ್ಕ್ ಹಾಕಿಕೊಂಡು ಹೋಗಿ ಗೂಡಿನ ಚಿಲಕ ತೆಗೆದೆ. ಹೌದು, ನಾನೇ ತೆಗೆದೆ. ಅದು ಹಾಕಿಯೇ ಇತ್ತು. ಬಿಷಪ್ ಅಂಗಾತ ಸತ್ತು ಬಿದ್ದಿತ್ತು. ಮುಂಗಾಲು ಎರಡೂ ಇರಲಿಲ್ಲ. ಅದರ ಹಿಂದೆ, ನಮ್ಮ ಹಿತ್ತಲಿನಿಂದ ಬೇಲಿಯಡಿ ತೋಡಿಕೊಂಡು ಬಂದ ಬಿಲ. ಅನ್ನ ಇಡುತ್ತಿದ್ದ ಕಲ್ಲಿಗೂ ಅದಕ್ಕೂ ಒಂದು ಮಾರು ದೂರವೂ ಇಲ್ಲ. ಅವರಿಗೆ ಕಾಣದಂತೆ ಅಡ್ಡ ನಿಂತು ಕಾಲಿನಿಂದ ಮಣ್ಣು ತಳ್ಳಿ ಮುಚ್ಚಿದೆ.

"ಚಿಲಕ ಹಾಕೋದು ಮರೆತಿದ್ನಾ ನಾನು?" ಎಂದು ಕೇಳಿದರು.

"ಇರಬಹುದು" ಅಂದೆ.

ಕಾರ್ಕ್‌ನಲ್ಲಿದ್ದ ಅವರ ಮಗಳಿಗೆ ಅಮ್ಮನ ಮರೆವಿನ ಬಗ್ಗೆ ಮೊದಲೇ ಅನುಮಾನವಿತ್ತು. ಇಂದು ಚಿಲಕ, ನಾಳೆ ಗ್ಯಾಸ್ ಎಂದು ಹೆದರಿ, ಸೆಪ್ಟೆಂಬರಿನಲ್ಲಿ ಟಾಲಾ ಕಡೆಯ ವೃದ್ಧರ ಆರೈಕೆ ಕೇಂದ್ರವೊಂದಕ್ಕೆ ಸೇರಿಸಿದರು. ಒಮ್ಮೆ ನೋಡಲು ಹೋದೆ. ಗಾಜಿನಾಚೆ ಅವರು, ಈಚೆ ನಾನು, ಮಾತು ಫೋನಿನಲ್ಲಿ.

"ಮನೆಗೆ ಹೋಗ್ಬೇಕು ಅನ್ಸುತ್ತೆ, ಲವ್. ಆದ್ರೆ ಒಂದು ಚಿಲಕ ನೆನಪಿಡೋಕೆ ಆಗದವಳನ್ನ ಯಾರು ಬಿಡ್ತಾರೆ..."

ಬಿಲದ ವಿಷಯ ನಾಲಿಗೆ ತುದಿಗೆ ಬಂದಿತ್ತು. ಊಟ ಚೆನ್ನಾಗಿದೆಯಾ ಎಂದು ಕೇಳಿದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ. ಜನವರಿಯಲ್ಲಿ ಆ ಕೇಂದ್ರಕ್ಕೆ ಸೋಂಕು ಹೊಕ್ಕಿತು, ಅಜ್ಜಿ ಹೋಗಿಬಿಟ್ಟರು. ಅಂತ್ಯಕ್ರಿಯೆಗೆ ಚರ್ಚಿನಲ್ಲಿ ಹತ್ತೇ ಜನರಿಗೆ ಅವಕಾಶ. ಅದನ್ನೂ ಲ್ಯಾಪ್‌ಟಾಪಿನಲ್ಲೇ ನೋಡಿದೆ.

ಆ ಮನೆ ಇಷ್ಟು ವರ್ಷ ಬಾಡಿಗೆಗಿತ್ತು, ಈಗ ಮಾರಾಟವಾಗಿದೆ. ಅಂಗಡಿಗೆ ಹೋಗಿ ಬಂದ ಮರುದಿನವೇ ಅಜ್ಜಿಯ ಮಗಳು ಕೊಂಡವರಿಗೆ ಬೀಗದ ಕೈ ಕೊಡಲು ಬಂದವರು ನಮ್ಮ ಬಾಗಿಲನ್ನೂ ತಟ್ಟಿದರು.

"ಅವತ್ತು ಗೂಡಿನ ಚಿಲಕ ಹಾಕಿರಲಿಲ್ಲ ಅನ್ನೋದನ್ನ ನೀವು ಕಣ್ಣಾರೆ ನೋಡಿದ್ರಲ್ಲ, ಅದೇ ನನಗೆ ಸಮಾಧಾನ. ಇಲ್ಲದಿದ್ರೆ ಅಮ್ಮನ್ನ ಅಲ್ಲಿಗೆ ಕಳಿಸಿದ್ದು ತಪ್ಪೇನೋ ಅಂತ ಕೊರಗ್ತಾ ಇರ್ತಿದ್ದೆ" ಎಂದರು.

ಬುದ್ಧಿ ನೆಟ್ಟಗೇ ಇದ್ದ ಹೆಂಗಸು, ಅದು ಕೆಟ್ಟಿದೆಯೆಂದು ನಂಬಿಕೊಂಡೇ ಸತ್ತರು. ಮಗಳಿಗಾದರೂ ಈಗ ನಿಜ ಹೇಳಬೇಕಿತ್ತು.

"ಟೀ ಮಾಡ್ಲಾ?" ಎಂದು ಕೇಳಿದೆ.