ಮೂತಿಯ ಮೇಲಿನ ಹೆಬ್ಬೆರಳು

ಸಾಬರಮತಿಯ ಒಣ ಮರಳಿನಲ್ಲಿ ನಾಲ್ಕು ಹೆಜ್ಜೆ ಓಡಿ ಶ್ರೀಪಾದರಾಯರು ತಮ್ಮ ಮಾಡೆಲ್ ವಿಮಾನವನ್ನು ಗಾಳಿಗೆ ಬಿಟ್ಟರು. ವಿಮಾನ ಹೋಯಿತು, ಬಣ್ಣ ಹೋಗಲಿಲ್ಲ. ಬಣ್ಣಕ್ಕೆ ಮುಂಚೆ ಬಳಿಯುವ ಬೂದು ಪ್ರೈಮರು ಹಾವಿನ ಪೊರೆಯ ಹಾಗೆ ಇಡಿಯಾಗಿ ಸುಲಿದು ಅವರ ಬೆವರುಗೈಗೂ ಬಿಳಿ ಷರಟಿಗೂ ಅಂಟಿಕೊಂಡಿತು.

“ಸಾಹೇಬ್, ಪ್ಲೇನ್ ಊಡೀ ಗಯುಂ, ರಂಗ್ ರಹೀ ಗಯೋ!” ಎಂದು ಕ್ಲಬ್ಬಿನವರು ಹೊಟ್ಟೆ ಹಿಡಿದು ನಕ್ಕರು. ವಿಮಾನ ಹಾರಿ ಬಣ್ಣ ಉಳಿದದ್ದಕ್ಕೆ ರಾಯರೂ ನಗಬೇಕೆಂದಿದ್ದರು. ಅಷ್ಟರಲ್ಲಿ ಪೊರೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಮೂತಿಯ ಜಾಗದಲ್ಲಿ ಒಂದು ತೂತು. ಹೆಬ್ಬೆರಳಿನ ಆಕಾರದ್ದು.

ರಾಯರು ಮೈಸೂರಿನವರು. ತೊಂಬತ್ತರ ದಶಕದ ಶುರುವಿಗೆ ವರ್ಗವಾಗಿ ಬಂದು ಅಹಮದಾಬಾದಿನ ವಸ್ತ್ರಾಪುರದಲ್ಲಿ ಮನೆ ಮಾಡಿದ್ದರು. ವಾರವೆಲ್ಲ ವಿಮೆ, ಭಾನುವಾರ ವಿಮಾನ. ಜೊತೆಗಾರ ಅಚ್ಯುತ, ನರೋಡಾದಲ್ಲಿ ಉಡುಪಿ ಹೋಟೆಲಿಟ್ಟವನು. ಇಬ್ಬರೂ ಸೇರಿ ಕಟ್ಟಿದ ಈ ವಿಮಾನದ ಮರದ ಮೈಗೆ ಎಪಾಕ್ಸಿ ಅಂಟು ಸವರಿದ ಸಂಜೆ ಅಚ್ಯುತ, “ಒಣಗಿತಾ ನೋಡುವ ಮಾರಾಯ್ರೇ” ಎಂದು ಮೂತಿಯನ್ನು ಒತ್ತಿದ. ಒಣಗಿರಲಿಲ್ಲ. ಮರುದಿನ ಗಲ್ಲಾದಲ್ಲಿ ಕೂತವನು ಕೂತಂತೆಯೇ ಹೋಗಿಬಿಟ್ಟ. ಎಪಾಕ್ಸಿ ಗಾಜಿನಂತೆ ಗಟ್ಟಿಯಾಯಿತು, ಹೆಬ್ಬೆರಳ ಗೆರೆಗಳ ಸಮೇತ.

“ವರ್ಷಾಂತಿಕದ ದಿನ ಅದನ್ನು ಹಾರಿಸಿ ಶ್ರೀಪಾದಣ್ಣ. ಹಳದಿ ಬಣ್ಣದ್ದು ಮಾಡಿ ಆಕಾಶದಲ್ಲಿ ತೋರಿಸ್ತೇನೆ ಅಂತ ನನಗೆ ಹೇಳ್ತಿದ್ರು” ಎಂದಿದ್ದಳು ಅಚ್ಯುತನ ಹೆಂಡತಿ ಊರ್ಮಿಳಾ.

ಎಪಾಕ್ಸಿಯ ಮೇಲೆ ಪ್ರೈಮರ್ ಕಚ್ಚಬೇಕಾದರೆ ವಾಟರ್ ಪೇಪರಿನಲ್ಲಿ ಉಜ್ಜಿ ಹೊಳಪು ತೆಗೆಯಬೇಕೆಂದು ರಾಯರಿಗೆ ಚೆನ್ನಾಗಿ ಗೊತ್ತು. ಉಜ್ಜಿದರೆ ಅಚ್ಯುತನೂ ಹೋಗುತ್ತಾನೆ. ಆ ಗುರುತನ್ನು ಬಟ್ಟೆಯಿಂದ ಒರೆಸಲು ಕೂಡ ಕೈ ಬರಲಿಲ್ಲ. ಸರಿ, ಉಜ್ಜದೆಯೇ ಕಚ್ಚುವ ಪ್ರೈಮರ್ ಹುಡುಕತೊಡಗಿದರು. ಕಾನ್ವೆಂಟಿನಲ್ಲಿ ಇಂಗ್ಲಿಷ್ ಪ್ರೈಮರ್ ಓದಿದವರಿಗೆ ಪ್ರೈಮರ್ ಹೊಸದೇನಲ್ಲ. ಆಗಲೂ ಅದು ತಲೆಗೆ ಅಂಟಿರಲಿಲ್ಲ.

ಕಾರಿಗೆ ಹೊಡೆಯುವ ಬೂದು ಸುಲಿದದ್ದಾಯಿತು. ಕಬ್ಬಿಣದ ಗೇಟಿಗೆ ಬಳಿಯುವ ಕೆಂಪು ತಂದರು. ಮೇ ತಿಂಗಳ ಮಧ್ಯಾಹ್ನ, ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ ಸಿಂಪಡಿಸಿದರು. ಕೆಂಪು ನುಣ್ಣಗೆ ಮೂತಿಯನ್ನು ಮುಚ್ಚಿತು. ಅವರು ಉಸಿರು ಬಿಡುವಷ್ಟರಲ್ಲಿ, ಒಳಗಿನಿಂದ ಯಾರೋ ಒತ್ತಿದಂತೆ ಬಣ್ಣ ಹಿಂದೆ ಸರಿಯಿತು. ಮೊದಲು ಒಂದು ಚುಕ್ಕಿ, ಆಮೇಲೆ ತೆರೆದ ಕಣ್ಣು, ಆಮೇಲೆ ಹೆಬ್ಬೆರಳು. ತಿನ್ನರಿನ ಘಾಟಿನ ನಡುವೆ ಅಚ್ಯುತನ ಹೋಟೆಲಿನ ವಾಸನೆ ತೇಲಿ ಬಂದ ಹಾಗಾಯಿತು. ಎರಡು ಡಬ್ಬಿ ಬೆರೆಸುವ ದುಬಾರಿ ಪ್ರೈಮರಿಗೂ ಅದೇ ಗತಿ.

“ಅವರಿಗೆ ಬಣ್ಣ ಹಿಡಿಸಿಲ್ಲ ಅನ್ಸುತ್ತೆ ಕಣ್ರೀ” ಎಂದ ಹೆಂಡತಿ ರಮಾಮಣಿ ಆಮೇಲೆ ಆ ಕೋಣೆಯ ಕಸ ಗುಡಿಸಲೂ ಹೋಗಲಿಲ್ಲ. ರಾಯರು ಮಾತ್ರ ಹೋಗುತ್ತಿದ್ದರು. ಬಾಗಿಲು ತಟ್ಟಿ.

ವರ್ಷಾಂತಿಕ ಹತ್ತಿರವಾದಾಗ ಊರ್ಮಿಳಾ ತಾನೇ ಬಂದಳು. ರಾಯರು ತಮ್ಮ ಸಂಕಟ ಒಪ್ಪಿಸಿದರು. ಅವಳು ಆ ಗುರುತನ್ನು ಬಹಳ ಹೊತ್ತು ನೋಡಿ, “ಅವರಿರುವಷ್ಟು ಜಾಗ ಬಿಟ್ಟು ಉಜ್ಜಿ” ಎಂದಳು.

ಹಳೆಯ ಪದರಗಳನ್ನೆಲ್ಲ ಸುಲಿದು, ಹಾಗೆಯೇ ಉಜ್ಜಿ, ಪ್ರೈಮರ್ ಹೊಡೆದು ಉಗುರಿನಿಂದ ಕೆರೆದು ನೋಡಿದರು. ಕಚ್ಚಿತ್ತು. ವರ್ಷಾಂತಿಕದ ಮುನ್ನಾದಿನ ಅವಳೆದುರಿಗೇ ಹಳದಿ ಸಿಂಪಡಿಸಿದರು. ರೆಕ್ಕೆ, ಬಾಲ, ಮೂತಿ ಎಲ್ಲವೂ ಹಳದಿ. ರೆಕ್ಕೆಯ ಹಳದಿ ನಿಂತಿತು, ಬಾಲದ್ದೂ ನಿಂತಿತು. ಮೂತಿಯ ಹಳದಿ ಮಾತ್ರ ಮೆಲ್ಲಗೆ ನಡುಗಿ ಪಕ್ಕಕ್ಕೆ ಸರಿಯಿತು. ಹೆಬ್ಬೆರಳು ಎದ್ದು ಬಂತು, ಗೆರೆ ಗೆರೆಯಾಗಿ.

ಊರ್ಮಿಳಾ ಗೋಡೆಗೆ ಆತುಕೊಂಡಳು. “ಇಷ್ಟು ದಿನ ನಿಮ್ಮ ಹತ್ರವೇ ಇದ್ರಲ್ಲ ಶ್ರೀಪಾದಣ್ಣ… ಏನು ಹೇಳ್ಲಿಕ್ಕೆ ನೋಡ್ತಿದ್ದಾರೆ ಅವರು?”

ರಾಯರು ಕನ್ನಡಕ ಏರಿಸಿದರು. ಮೂತಿಯ ಹತ್ತಿರ ಮೂಗು ಒಯ್ದು ಮೂಸಿ ನೋಡಿದರು.

“ಎಣ್ಣೆ ಕಣಮ್ಮ. ಅವತ್ತು ನೀನು ಕರಿದು ಕಳಿಸಿದ ಬನ್ಸ್ ತಿಂದು ಅವನು ಕೈ ತೊಳೆದಿರಲಿಲ್ಲ.”