ನಮ್ಮವ್ವ ಬಿಟ್ಟ ಸಾಂಬ್ರಾಣಿ

ಗುಬ್ಬಿಯ ನಮ್ಮ ಬೀದಿಯಲ್ಲಿ ಮೀಸೆ ತಿರುವಿಕೊಂಡು ಓಡಾಡುವ ಗಂಡಸರಲ್ಲಿ ಅರ್ಧಕ್ಕರ್ಧ ಮಂದಿ ನಮ್ಮವ್ವನ ಕಾಲ ಮೇಲೆ ಬೆತ್ತಲೆ ಮಲಗಿ ಅತ್ತವರೇ. ಹಸುಗೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುವುದರಲ್ಲಿ ಅವಳಿಗೆ ಸಾಟಿಯಿಲ್ಲ. ಮಗಳು ಅಂತ ಜಂಬ ಕೊಚ್ಚುತ್ತಿಲ್ಲ, ಕೊಚ್ಚಿದರೂ ತಪ್ಪೇನು? ನೀರು ಹಾಕಿದ ಮೇಲೆ ತೆಂಗಿನ ಚಿಪ್ಪಿನ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಕೂಸನ್ನು ಆ ಹೊಗೆಯ ಮೇಲೆ ಹಿಡಿಯುತ್ತಿದ್ದಳು. ಆ ಘಮಲು ಬಂದರೆ ಸಾಕು, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆಂದು ಇಡೀ ಬೀದಿಗೆ ಗೊತ್ತಾಗುತ್ತಿತ್ತು.

ಕಳೆದ ವರ್ಷ ನಾನೇ ಬಾಣಂತಿಯಾಗಿ ತವರಿಗೆ ಬಂದೆ. ನನ್ನ ಮಗಳು ದಿನ ತುಂಬುವ ಮುಂಚೆಯೇ ಹುಟ್ಟಿದವಳು. ಉಸಿರೆಳೆದರೆ ಎದೆಗೂಡು ಒಳಕ್ಕೆ ಹೋಗುತ್ತಿತ್ತು, ಗೊರಗೊರ ಸದ್ದು ಬೇರೆ. ತುಮಕೂರಿನ ಮಕ್ಕಳ ಡಾಕ್ಟರು ನೋಡಿ, "ಯಾವ ಹೊಗೇನೂ ಈ ಮಗು ಹತ್ರ ಸುಳೀಬಾರ್ದು. ಸಾಂಬ್ರಾಣಿ, ಸೌದೆ, ಊದುಬತ್ತಿ, ಏನೂ ಬೇಡ. ಶ್ವಾಸಕೋಶ ಇನ್ನೂ ಬಲಿತಿಲ್ಲ" ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಕೂಸಿನ ಎದೆಗೂಡನ್ನೇ ನೋಡುತ್ತಾ ಬಂದಳು. ನಾನಂತೂ ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಕೂತಿದ್ದೆ.

ಜಗಳವೇ ಆಗಲಿಲ್ಲ. ಮನೆಗೆ ಬಂದವಳೇ ಸಾಂಬ್ರಾಣಿ ಡಬ್ಬಿಯನ್ನು ಕಸಕ್ಕೆ ಸುರಿದಳು. ಹಂಡೆ ಒಲೆಗೆ ತೆಂಗಿನ ಮಟ್ಟೆ ಹಾಕುವುದನ್ನೂ ನಿಲ್ಲಿಸಿ ಗ್ಯಾಸಿನ ಮೇಲೆ ನೀರು ಕಾಯಿಸಿದಳು. "ಹೊಗೆ ಹಾಕ್ದಿದ್ರೆ ಮಗೀಗೆ ಶೀತ ಆಯ್ತದೆ ಕಣಕ್ಕಾ" ಎಂದ ಪಕ್ಕದ ಮನೆಯವಳಿಗೆ, "ಯಾಕೆ, ತಲೆ ಒರ್ಸಕ್ಕೆ ನಮ್ಮನೇಲಿ ಬಟ್ಟೆ ಇಲ್ವಾ?" ಅಂದಳು. ಅಬ್ಬಾ, ನಮ್ಮವ್ವನೇನಾ ಇವಳು ಅನ್ನಿಸಿತು.

ಆದರೂ ಕೂಸಿನ ಕೆಮ್ಮು ನಿಲ್ಲಲಿಲ್ಲ. ಸಂಜೆಯಾದರೆ ಜಾಸ್ತಿ. ಒಂದು ಸಂಜೆ ಕೆಮ್ಮಿ ಕೆಮ್ಮಿ ಕುಡಿದ ಹಾಲನ್ನೆಲ್ಲ ಕಕ್ಕಿಬಿಟ್ಟಿತು. ಅವ್ವ ಮೂಸುತ್ತಾ ಹಿತ್ತಲ ಕಿಟಕಿಗೆ ಹೋದಳು. ಆಚೆಗೆ ಗುಜರಿ ಅಂಗಡಿಯವನು ತಾಮ್ರ ತೆಗೆಯಲು ಹಳೇ ವೈರುಗಳನ್ನು ಗುಡ್ಡೆ ಹಾಕಿ ಸುಡುತ್ತಿದ್ದ. ಕರೀ ಹೊಗೆ ನೇರ ನಮ್ಮ ಮನೆಗೇ ನುಗ್ಗುತ್ತಿತ್ತು. ವರ್ಷಗಟ್ಟಲೆ ಇದ್ದ ಹೊಗೆಯೇ. ಮನೆಯೊಳಗಿನದು ಆರಿದ ಮೇಲೆ ನಮ್ಮ ಮೂಗಿಗೆ ಬಡಿಯಿತು.

ನಾನು ಕಿಟಕಿ ಮುಚ್ಚುವಷ್ಟರಲ್ಲಿ ಅವ್ವ ಹಿತ್ತಲು ದಾಟಿ ಆ ಬೆಂಕಿಯ ಮುಂದೆ ನಿಂತಿದ್ದಳು. "ಏನ್ಲಾ, ಮನುಷ್ಯರು ಉಸಿರಾಡದು ಬ್ಯಾಡ್ವಾ? ಆರ್ಸು ಅದನ್ನ!"

ಅವನು ನಕ್ಕ. ಅವನೂ ಅವ್ವನ ಕೈಯಲ್ಲಿ ನೀರು ಹಾಕಿಸಿಕೊಂಡವನೇ. "ಹೊಗೆ ಅಂದ್ರೆ ಈಗ್ಯಾಕಜ್ಜಿ ಇಷ್ಟು ಉರ್ಕೊಳ್ತೀರ? ನಂಗೆ ನೀವೇ ಹೊಗೆ ಹಾಕಿದ್ರಲ್ಲ, ನಾನೇನ್ ಸತ್ತೋದ್ನಾ?"

ಅಂಗಡಿ ಮುಂದೆ ನಿಂತವರೆಲ್ಲ ಗೊಳ್ಳೆಂದರು. ಹಿತ್ತಲ ಬಾಗಿಲಲ್ಲಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಹೋಗಿ ಅವನಿಗೆ ನಾಲ್ಕು ಬಯ್ಯೋಣ ಅಂದುಕೊಳ್ಳುವಷ್ಟರಲ್ಲಿ ಅವ್ವನೇ ಬಾಯಿ ತೆರೆದಳು.

"ಹೂಂ ಕಣ್ಲಾ, ಹಾಕ್ದೆ. ನಿಂಗೂ ಹಾಕ್ದೆ, ನಿನ್ ತಮ್ಮಂಗೂ ಹಾಕ್ದೆ. ಒಳ್ಳೇದಾಗ್ಲಿ ಅಂತ ಹಾಕ್ದೆ. ಕೆಟ್ಟದ್ದು ಅಂತ ಗೊತ್ತಾದ್ ದಿನಾನೇ ಬುಟ್ಟೆ. ಒಳಗೆ ನನ್ ಮೊಮ್ಮಗಳು ಉಸಿರು ಸಿಗ್ದೆ ಒದ್ದಾಡ್ತಾವ್ಳೆ. ಈಗ ನಿಂಗೂ ಗೊತ್ತಾಯ್ತಲ್ಲ, ನೀನೂ ಬುಡು."

ನಗು ನಿಂತಿತು. ಅವನು ಅವ್ವನ ಮುಖ ನೋಡಿದ, ಬೆಂಕಿ ನೋಡಿದ. ಏನೋ ಗೊಣಗಿಕೊಂಡು ಡ್ರಮ್ಮಿನ ನೀರು ತಂದು ಸುರಿದ. ಆಮೇಲಿಂದ ಕೂತು ವೈರಿನ ಸಿಪ್ಪೆಯನ್ನು ಬ್ಲೇಡಿನಲ್ಲಿ ಸುಲಿಯುತ್ತಾನೆ. ಕೂಸಿನ ಸಂಜೆಯ ಕೆಮ್ಮು ದಿನೇ ದಿನೇ ಇಳಿಯಿತು.

ಆವತ್ತು ಒಳಗೆ ಬಂದ ಅವ್ವ ಗೋಡೆಗೊರಗಿ ಕೂತಳು. ಬೀದಿಯ ಬಾಯನ್ನೇ ಮುಚ್ಚಿಸಿ ಬಂದವಳ ಕಣ್ಣಲ್ಲಿ ನೀರು. "ಎಷ್ಟ್ ಕೂಸ್‌ಗೊಳ್ಗೆ ಹಾಕಿದ್ನೋ ಕಣೇ" ಅಂದಳು. ನನಗೆ ಇಂಥವಳ ಹೊಟ್ಟೆಯಲ್ಲಿ ಹುಟ್ಟಿದೆನಲ್ಲ ಎಂದು ಎದೆಯುಬ್ಬಿ ಬಂತು. ಮಗಳನ್ನು ಎತ್ತಿ ಅವಳ ಮಡಿಲಿಗೆ ಹಾಕಿದೆ.